ಮುಂದಿನ ವಾರ ಬರ್ರಿ

ಏಪ್ರಿಲ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಕಲಬುರಗಿಯ ಒಂದು ಹಾಬಿ ಅಂಗಡಿಯ ಕೌಂಟರ್ ಮುಂದೆ ಹೋಗಿ ನಿಂತೆ. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಮಾಲೀಕರು ನನ್ನ ಕಡೆ ತಿರುಗಿದರು.

"ಅಕ್ಕಾರ, ನಿಮ್ಮದು ಬಂದಿಲ್ರಿ. ಮುಂದಿನ ವಾರ ಬರ್ರಿ."

ಅಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅರ್ಧ ಷಟರ್ ಎಳೆದಿದ್ದರು. ಊಟದ ಹೊತ್ತು ಅಂತೆ. ಆ ಎರಡು ವಾಕ್ಯ ಕೇಳಲು ನಾನು ಬೀದರಿನಿಂದ ಬಸ್ ಹತ್ತಿ ಮೂರು ತಾಸು ಪ್ರಯಾಣ ಮಾಡಿದ್ದೆ. ಅಂಗಡಿಯಲ್ಲಿ ಎರಡು ತಾಸು ನಲವತ್ತು ನಿಮಿಷ ನಿಂತಿದ್ದೆ. ಇನ್ನು ಮೂರು ತಾಸು ವಾಪಸ್ ಹೋಗಬೇಕಿತ್ತು.

ಆ ದಿನ ನನಗೆ ಆದ ಬೇಜಾರು ಏನು ಅಂತ ಇಷ್ಟು ದಿನ ಯೋಚಿಸಿದ್ದೇನೆ. ಕಾಯಿಸಿದರು ಅನ್ನೋದು ಅಲ್ಲ. ಕಾಯುವುದು ನನಗೆ ಹೊಸದಲ್ಲ, ನನ್ನ ಹವ್ಯಾಸವೇ ಕಾಯುವ ಹವ್ಯಾಸ. ಬೇರೆ ಏನೋ ಚುಚ್ಚಿತ್ತು. ಅದನ್ನು ಹೇಳಬೇಕಾದರೆ ಮೊದಲು ಆ ಅಂಗಡಿಯಲ್ಲಿ ನಾನು ತರಿಸಲು ಹೇಳಿದ್ದ ಪುಟ್ಟ ವಿಮಾನದ ಬಗ್ಗೆ ಹೇಳಬೇಕು.

ನಾನು ಬೀದರ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸುತ್ತೇನೆ. ಒಂದು ಡಬ್ಬಿಯಲ್ಲಿ ವಿಮಾನದ ಸಣ್ಣ ಸಣ್ಣ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬಂದಿರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ನನಗೆ ಇಷ್ಟವಾದ ಅಳತೆ ಒಂದಕ್ಕೆ ಎಪ್ಪತ್ತೆರಡು. ಅಂದರೆ ನಿಜವಾದ ವಿಮಾನದ 72 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ನನಗೆ ಬೇಕಿದ್ದದ್ದು ಹಾಕ್, ವಾಯುಪಡೆಯ ಒಂದು ತರಬೇತಿ ಜೆಟ್ ವಿಮಾನ. ಅದರ ಉದ್ದ 12 ಮೀಟರಿಗಿಂತ ಸ್ವಲ್ಪ ಜಾಸ್ತಿ. ಮಾಡೆಲ್‌ನಲ್ಲಿ ಅದು 17 ಸೆಂಟಿಮೀಟರ್ ಆಗುತ್ತದೆ. ಎರಡು ಅಂಗೈ ಜೋಡಿಸಿದರೆ ಅದರ ಮೇಲೆ ಕೂರುತ್ತದೆ.

ಹಾಕ್ ಯಾಕೆ ಅಂತ ಬೀದರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಊರಿನಲ್ಲಿ ಹುಟ್ಟಿದ ಯಾವ ಮಗುವಿಗೂ ವಿಮಾನದ ಸದ್ದು ಹೊಸದಲ್ಲ. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಆಕಾಶದಲ್ಲಿ ಒಟ್ಟಾಗಿ ಹಾರಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ಶುರುವಾಗಿದ್ದು 1996ರಲ್ಲಿ, ಇಲ್ಲೇ. ಆಗ ಅವರ ಹತ್ತಿರ ಇದ್ದದ್ದು ನಮ್ಮ ದೇಶದಲ್ಲೇ ತಯಾರಾದ ಕಿರಣ್ ವಿಮಾನಗಳು. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಗಣಿತದ ಸರ್ ಪಾಠ ಮಾಡುತ್ತಿರುವಾಗ ಆಕಾಶದಲ್ಲಿ ಸದ್ದು ಶುರುವಾದರೆ, ಅವರು ಸೀಮೆಸುಣ್ಣ ಕೈಯಲ್ಲೇ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಸದ್ದು ದಾಟಿ ಹೋದ ಮೇಲೆ ಬಿಟ್ಟ ಜಾಗದಿಂದಲೇ ಪಾಠ ಮುಂದುವರಿಯುತ್ತಿತ್ತು. ನಾವು ಮಾತ್ರ ಕಿಟಕಿಯ ಸರಳಿಗೆ ಮುಖ ಒತ್ತಿ ಎಣಿಸುತ್ತಿದ್ದೆವು. ಒಂಬತ್ತೂ ಬಂದವಾ ಅಂತ.

2011ರಲ್ಲಿ ತಂಡ ನಿಂತುಹೋಯಿತು. ಹೊಸ ಪೈಲಟ್‌ಗಳಿಗೆ ಕಲಿಸಲು ಕಿರಣ್ ವಿಮಾನಗಳು ಬೇಕಾಗಿದ್ದವು. ಹಾಕ್ ವಿಮಾನಗಳು 2008ರಲ್ಲೇ ಬೀದರಿಗೆ ಬಂದಿದ್ದವು, ಅವುಗಳ ಸದ್ದು ಇದ್ದೇ ಇತ್ತು. ಆದರೆ ತಂಡದ ಕೆಂಪು ಬಿಳಿ ಬಣ್ಣ ಆಕಾಶದಿಂದ ಹೋಗಿತ್ತು. 2015ರಲ್ಲಿ ಅದೇ ಹಾಕ್ ವಿಮಾನಗಳೊಂದಿಗೆ ತಂಡ ಮತ್ತೆ ಶುರುವಾಯಿತು. ಮೊದಲ ಸಲ ಅವು ಮನೆ ಮೇಲೆ ಹಾದು ಹೋದಾಗ ಅಮ್ಮ ಮಾಳಿಗೆ ಮೇಲೆ ಸಂಡಿಗೆ ಒಣಗಿಸುತ್ತಿದ್ದರು. "ಏ ಬಾ, ನಿನ್ನ ಕೆಂಪು ವಿಮಾನ ಬಂದಾವ ನೋಡು" ಅಂತ ಅಲ್ಲಿಂದಲೇ ಕೂಗಿದರು. ನಾನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದ್ದೆ.

ಆ ಕೆಂಪು ಬಿಳಿ ಹಾಕ್ ನನ್ನ ಮೇಜಿನ ಮೇಲೆ ಬೇಕಿತ್ತು. ನಮ್ಮ ಶಾಲೆಯ ಮಕ್ಕಳ ಕೈಗೂ ಅದನ್ನು ಕೊಡಬೇಕು ಅಂತ ಆಸೆ ಇತ್ತು. ದಿನಾ ತಲೆ ಮೇಲೆ ಹಾರುವ ವಿಮಾನವನ್ನು ಅವರು ಒಮ್ಮೆ ಹತ್ತಿರದಿಂದ ನೋಡಲಿ. ರೆಕ್ಕೆ ಯಾಕೆ ಹಿಂದಕ್ಕೆ ಬಾಗಿದೆ, ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ ಅಂತ ಬೆರಳಿಟ್ಟು ಕೇಳಲಿ.

ಕಲಬುರಗಿಯ ಆ ಅಂಗಡಿ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಬೀದರಿನವರು ಇಂಥದ್ದಕ್ಕೆಲ್ಲ ಸಾಮಾನ್ಯವಾಗಿ ಹೈದರಾಬಾದಿಗೆ ಹೋಗುತ್ತಾರೆ. ನಮ್ಮ ಕಡೆಯೇ ಒಂದು ಅಂಗಡಿ ಇದೆ ಅಂತ ಕೇಳಿ ನನಗೆ ತುಂಬಾ ಖುಷಿಯಾಗಿತ್ತು. ಸಣ್ಣ ಅಂಗಡಿ. ಮುಂದಿನ ಭಾಗದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬೇಕಾದ ಮೋಟರು, ಸೆನ್ಸರ್, ಬ್ಯಾಟರಿ, ವೈರು. ಹಿಂದಿನ ಗೋಡೆಗೆ ಬಾಲ್ಸಾ ಮರದ ಹಾಳೆ, ರಿಮೋಟ್ ವಿಮಾನದ ರೆಕ್ಕೆ, ಒಂದು ಕಪಾಟಿನಲ್ಲಿ ಹತ್ತು ಹನ್ನೆರಡು ಪ್ಲಾಸ್ಟಿಕ್ ಕಿಟ್. ಒಳಗೆ ಕಾಲಿಟ್ಟ ಕೂಡಲೇ ಬೆಸುಗೆ ಹಾಕಿದ ವಾಸನೆ ಬರುತ್ತಿತ್ತು.

ಮೊದಲ ಸಲ ಹೋದಾಗ ಮಾಲೀಕರು ನನಗೆ ಅರ್ಧ ತಾಸು ಕೊಟ್ಟಿದ್ದರು. ಅದನ್ನು ಹೇಳದೆ ಇದ್ದರೆ ಅನ್ಯಾಯವಾಗುತ್ತದೆ. "ಮಗನಿಗೇನ್ರಿ?" ಅಂತ ಕೇಳಿದರು. ನನಗೇ ಅಂದೆ. ಒಂದು ಕ್ಷಣ ನೋಡಿದರು, ಆಮೇಲೆ ನಿಜವಾದ ಆಸಕ್ತಿಯಿಂದ ಮಾತಾಡಿದರು. ಈ ಅಂಟು ಫೆವಿಕಾಲ್ ಥರ ಅಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತದೆ, ಹಾಗಾಗಿ ಜಾಸ್ತಿ ಹಾಕಬಾರದು ಅಂತ ಒಂದು ಹಳೆಯ ತುಂಡಿನ ಮೇಲೆ ಹಚ್ಚಿ ತೋರಿಸಿದರು. ನಾನು ಅಲ್ಲಿಯವರೆಗೆ ಜಾಸ್ತಿಯೇ ಹಾಕುತ್ತಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ, ನಮಗೂ ಒಂದು ಜಾಗ ಸಿಕ್ಕಿತು ಅಂದುಕೊಂಡಿದ್ದೆ.

ಈ ಜನವರಿಯಲ್ಲಿ ಹಾಕ್ ಕಿಟ್ ಕೇಳಿದೆ. "ಸ್ಟಾಕ್ ಇಲ್ರಿ. ತರಿಸಿ ಕೊಡ್ತೀನಿ, ಇಪ್ಪತ್ತು ದಿನದಾಗ ಬರ್ತದ" ಅಂದರು. 500 ರೂಪಾಯಿ ಅಡ್ವಾನ್ಸ್ ಕೊಟ್ಟೆ. ಒಂದು ಸಣ್ಣ ಚೀಟಿಯ ಹಿಂದೆ ಪೆನ್ನಿನಿಂದ ನನ್ನ ಹೆಸರು, ಫೋನ್ ನಂಬರ್, 500 ಅಂತ ಬರೆದು ಕೊಟ್ಟರು. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ಏನು ಸಾಮಾನು ಅಂತಲೂ ಇಲ್ಲ. ನಾನೂ ಕೇಳಲಿಲ್ಲ. ಗುರುತಿನವರಾದರು ಅಲ್ವಾ, ಮತ್ತೇನು ಕೇಳೋದು ಅನಿಸಿತ್ತು.

ಫೆಬ್ರುವರಿಯಲ್ಲಿ ಮದುವೆಗೆ ಅಂತ ಕಲಬುರಗಿಗೆ ಹೋದಾಗ ವಿಚಾರಿಸಿದೆ. ಮುಂದಿನ ವಾರ ಬರ್ರಿ. ಮಾರ್ಚಿನಲ್ಲಿ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ, "ಮಾಲು ಹೈದ್ರಾಬಾದ್‌ನಾಗ ಅದ್ರಿ, ಈ ವಾರ ಬಂದೇ ಬರ್ತದ" ಅಂದರು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಯಿತು. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿದೆ. "ಬರ್ರಿ ಬರ್ರಿ, ನಾಳೆ ಬರ್ರಿ" ಅಂದರು. ಬಂದಿದೆಯಾ ಅಂತ ನಾನು ಕೇಳಿದ್ದು, ಬರ್ರಿ ಅಂತ ಅವರು ಹೇಳಿದ್ದು. ಎರಡರ ನಡುವೆ ಎಷ್ಟು ಅಂತರ ಇತ್ತು ಅಂತ ಆಮೇಲೆ ತಿಳಿಯಿತು.

ಆ ಶನಿವಾರದ ಎರಡು ತಾಸು ನಲವತ್ತು ನಿಮಿಷ ನನಗೆ ಪೂರ್ತಿ ನೆನಪಿದೆ.

ಏಪ್ರಿಲ್, ಮೇ ಅಂದರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ತೋರಿಸುವ ಕಾಲ. ಕಲಬುರಗಿಯಲ್ಲಿ 1958ರಿಂದ ಇಂಜಿನಿಯರಿಂಗ್ ಕಾಲೇಜು ಇದೆ, ಆಮೇಲೆ ಇನ್ನೂ ಹಲವು ಬಂದಿವೆ. ಆ ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಹುಡುಗರು ಇದ್ದರು. ಒಬ್ಬ ಗೆರೆ ನೋಡಿಕೊಂಡು ಓಡುವ ಪುಟ್ಟ ಗಾಡಿ ಹಿಡಿದು ನಿಂತಿದ್ದ, ಅದರ ಒಂದು ಚಕ್ರ ತಿರುಗುತ್ತಿರಲಿಲ್ಲ. ಮತ್ತೊಬ್ಬ ಉಬ್ಬಿದ ಲಿಥಿಯಂ ಬ್ಯಾಟರಿ ತಂದಿದ್ದ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಉಬ್ಬಿದ ಬ್ಯಾಟರಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಬಿಸಿಲಿನಲ್ಲಿ ತಿರುಗಬಾರದು, ಬೆಂಕಿ ಹತ್ತುತ್ತದೆ ಅಂತ ಅವನಿಗೆ ಹೇಳಿದೆ. ಟೀಚರ್ ಅಲ್ವಾ, ಸುಮ್ನೆ ಇರಲು ಆಗುವುದಿಲ್ಲ.

ಸಾಲು ಇರಲಿಲ್ಲ. ಯಾರು ಮೊದಲು ಬಂದರು ಅನ್ನೋ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಕೌಂಟರಿಗೆ ಎದೆ ಒತ್ತಿ ಕೈ ಚಾಚಿದವರಿಗೆ ಸಾಮಾನು ಸಿಗುತ್ತಿತ್ತು. "ಭಯ್ಯಾ" ಅಂತ ಗಟ್ಟಿಯಾಗಿ ಕೂಗಿದವರ ಕಡೆ ಮಾಲೀಕರ ಮುಖ ತಿರುಗುತ್ತಿತ್ತು. ಫೋನ್ ಬಂದರೆ ಎದುರಿಗೆ ನಿಂತವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅದು ನನಗೆ ಬಹಳ ವಿಚಿತ್ರ ಅನಿಸಿತು. ಮನೆಯಲ್ಲಿ ಕೂತು ಫೋನ್ ಮಾಡಿದವರು, ಬಿಸಿಲಲ್ಲಿ ಬಂದು ನಿಂತವರಿಗಿಂತ ಮುಂದೆ.

ನಾನು ಮೂರು ಸಲ ಹೇಳಿದೆ. "ಹಾಕ್ ಕಿಟ್, ಬೀದರಿನಿಂದ ಬಂದೀನಿ." ಮೂರು ಸಲವೂ "ಒಂದ್ ನಿಮಿಷ ತಡೀರಿ ಅಕ್ಕಾರ" ಅಂದರು. ಮೂಲೆಯಲ್ಲಿ ಒಂದು ಸ್ಟೂಲ್ ಇತ್ತು, ಅದರ ಮೇಲೆ ಡಬ್ಬಿಗಳಿದ್ದವು. ಅಲ್ಲಿ ಕೆಲಸ ಮಾಡುವ ಹುಡುಗ, ಹತ್ತೊಂಬತ್ತು ಇಪ್ಪತ್ತು ವಯಸ್ಸು ಇರಬಹುದು, ಎರಡು ಸಲ ನನ್ನ ಕಡೆ ನೋಡಿದ. ಏನೋ ಹೇಳಬೇಕು ಅಂತ ಅವನ ಮುಖದಲ್ಲಿ ಇತ್ತು. ಹೇಳಲಿಲ್ಲ. ಸ್ಟೂಲ್ ಮೇಲಿನ ಡಬ್ಬಿ ತೆಗೆದು ಕೆಳಗಿಟ್ಟು, "ಕೂಡ್ರಿ" ಅಂದ. ಆಗ ಗಂಟೆ 12:30 ದಾಟಿತ್ತು.

ಹನ್ನೊಂದೂ ಕಾಲಿಗೇ "ಬಂದಿಲ್ರಿ" ಅಂತ ಹೇಳಬಹುದಿತ್ತು. ಎರಡು ಸೆಕೆಂಡಿನ ಮಾತು. ಹೇಳಿದ್ದರೆ ನಾನು ಹನ್ನೆರಡರ ಬಸ್ ಹಿಡಿಯುತ್ತಿದ್ದೆ.

ಷಟರ್ ಎಳೆದ ಮೇಲೆ ಒಂದು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ, ಪಬ್ಲಿಕ್ ಗಾರ್ಡನ್‌ಗೆ ಹೋಗಿ ಬೇವಿನ ಮರದ ಕೆಳಗೆ ಕೂತೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಗಾಳಿ ಬೀಸಿದರೆ ಒಲೆಯ ಬಾಯಿ ತೆರೆದ ಹಾಗೆ. ಅಲ್ಲಿ ಕೂತಾಗ ನನಗೆ ಚಿಕ್ಕಂದಿನದು ಒಂದು ನೆನಪಾಯಿತು. ನಮ್ಮ ಓಣಿಯ ಎಷ್ಟೋ ಮನೆಗಳ ಬಾಗಿಲಿನ ಮೇಲೆ "ನಾಳೆ ಬಾ" ಅಂತ ಬರೆದಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಅಂತ ಹೇಳುತ್ತಿದ್ದರು. ಒಳಗೆ ಬರಬಾರದವರಿಗೆ ಹೇಳುವ ಮಾತು ಅದು. ಅದೇ ಮಾತನ್ನು ಈ ಮನುಷ್ಯ ನನಗೆ ನಾಲ್ಕು ತಿಂಗಳಿಂದ ಹೇಳುತ್ತಿದ್ದಾರೆ ಅನಿಸಿದಾಗ ಕಣ್ಣಲ್ಲಿ ನೀರು ಬಂತು. ಒಂದು ಪ್ಲಾಸ್ಟಿಕ್ ಡಬ್ಬಿಗೆ ಅಳೋದಾ ಅಂತ ಯಾರಾದರೂ ಕೇಳಬಹುದು. ಡಬ್ಬಿಗೆ ಅಲ್ಲ.

ಕಾಯುವುದರ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಎನಾಮೆಲ್ ಬಣ್ಣ ಹಚ್ಚಿದರೆ 24 ತಾಸು ಮುಟ್ಟಬಾರದು. ಮುಟ್ಟಿದರೆ ಬೆರಳಿನ ಗುರುತು ರೆಕ್ಕೆಯ ಮೇಲೆ ಉಳಿಯುತ್ತದೆ, ಮತ್ತೆ ಉಜ್ಜಿ ಮೊದಲಿನಿಂದ ಶುರು. ಕೆಂಪು ತೆಳು ಬಣ್ಣ. ಬೂದು ಪ್ಲಾಸ್ಟಿಕ್ ಮೇಲೆ ನೇರ ಹಚ್ಚಿದರೆ ಮಂಕಾಗುತ್ತದೆ. ಅದಕ್ಕೆ ಮೊದಲು ಪ್ರೈಮರ್ ಅನ್ನುವ ತಳದ ಬಣ್ಣ, ಅದು ಒಣಗಿದ ಮೇಲೆ ಬಿಳಿ, ಬಿಳಿ ಒಣಗಿದ ಮೇಲೆ ಟೇಪ್ ಅಂಟಿಸಿ ಕೆಂಪು. ಕೊನೆಗೆ ಡೆಕಾಲ್. ಅಂದರೆ ನೀರಿನಲ್ಲಿ ಅರ್ಧ ನಿಮಿಷ ನೆನೆಸಿದರೆ ಕಾಗದದಿಂದ ಜಾರಿ ಬರುವ ಅಕ್ಷರ, ಚಿಹ್ನೆಗಳು. ಬೀದರಿನಲ್ಲಿ ಇದಕ್ಕೆಲ್ಲ ಇನ್ನೊಂದು ಕಷ್ಟ ಇದೆ. ನಮ್ಮ ಊರಿನ ನೆಲವೇ ಕೆಂಪು ಜಂಬಿಟ್ಟಿಗೆ. ಗಾಳಿ ಬಂದರೆ ಆ ಧೂಳು ಕಿಟಕಿಯ ಸಂದಿಯಿಂದಲೂ ಒಳಗೆ ಬರುತ್ತದೆ. ಹಸಿ ಬಿಳಿ ಬಣ್ಣದ ಮೇಲೆ ಒಂದು ಕಣ ಕೂತರೂ ಕಾಣುತ್ತದೆ. ಹಾಗಾಗಿ ಬಣ್ಣ ಹಚ್ಚಿದ ಕೂಡಲೇ ಮೇಲೆ ಸ್ಟೀಲ್ ಡಬ್ಬಿ ಮುಚ್ಚಿ ಇಡುತ್ತೇನೆ.

ಇಷ್ಟೆಲ್ಲ ಕಾಯುತ್ತೇನೆ, ಒಂದು ದಿನವೂ ಬೇಸರವಾಗಿಲ್ಲ. ಯಾಕೆಂದರೆ ಆ ಬಣ್ಣ ನನಗೆ ಸುಳ್ಳು ಹೇಳುವುದಿಲ್ಲ. 24 ತಾಸು ಅಂದರೆ 24 ತಾಸು. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ, ಅದೂ ನನಗೆ ಗೊತ್ತು.

ಕಳೆದ ವರ್ಷ ನಮ್ಮ ಹೆಡ್‌ಮಾಸ್ಟರ್ ನಿವೃತ್ತಿಗೆ ಒಂದು ಬಿದರಿ ಹೂದಾನಿ ಮಾಡಿಸಿದ್ದೆವು. ಬೀದರಿನ ಚೌಬಾರದ ಹತ್ತಿರ ಒಬ್ಬ ಹಿರಿಯ ಕುಶಲಕರ್ಮಿ ಇದ್ದಾರೆ, ನಾವೆಲ್ಲ ಮಾಮಾ ಅಂತ ಕರೆಯುತ್ತೇವೆ. ಬಿದರಿ ಕೆಲಸ ನಿಧಾನದ ಕೆಲಸ. ಸತು, ತಾಮ್ರ ಕರಗಿಸಿ ಎರಕ ಹೊಯ್ಯಬೇಕು, ಅರದಿಂದ ನಯ ಮಾಡಬೇಕು, ಉಳಿಯಿಂದ ಹೂವು ಬಳ್ಳಿ ಕೊರೆಯಬೇಕು, ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಮಾಮಾ ಇಪ್ಪತ್ತು ದಿನ ಕೇಳಿದ್ದರು. ಹದಿನೈದನೇ ದಿನ ಅವರೇ ಫೋನ್ ಮಾಡಿದರು. "ಟೀಚರ್ರ, ಎರಕದಾಗ ಸಣ್ಣ ತೂತು ಬಿದ್ದದ. ಮುಚ್ಚಿ ಕೊಟ್ರ ನಿಮಗೆ ಕಾಣಲ್ಲ, ಆದ್ರ ನನಗ ಗೊತ್ತಿರ್ತದ. ಮತ್ತೊಂದು ಹೊಯ್ತೀನಿ. ನಾಲ್ಕು ದಿನ ಜಾಸ್ತಿ ಕೊಡ್ರಿ."

ನಾಲ್ಕು ದಿನ ತಡವಾಯಿತು. ನಮ್ಮಲ್ಲಿ ಒಬ್ಬರೂ ಗೊಣಗಲಿಲ್ಲ. ನಿವೃತ್ತಿ ಸಮಾರಂಭವನ್ನೇ ಎರಡು ದಿನ ಮುಂದೆ ಹಾಕಿದೆವು.

ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು, ಗೊತ್ತಿದ್ದು ಕಾಯುವುದಕ್ಕಿಂತ ಉದ್ದ ಅನಿಸುತ್ತದೆ ಅಂತ ಅವರು ಹೇಳುತ್ತಾರೆ. ಕಾರಣ ಹೇಳದೆ ಕಾಯಿಸಿದರೆ ಇನ್ನೂ ಉದ್ದ. ನಮ್ಮ ಹಿಂದೆ ಬಂದವರು ನಮಗಿಂತ ಮುಂದೆ ಹೋದರೆ ಇನ್ನೂ ಉದ್ದ. ಓದುತ್ತಾ ಹೋದ ಹಾಗೆ, ಆ ಶನಿವಾರ ನಾನು ನಿಂತಿದ್ದ ಕೌಂಟರ್ ಕಣ್ಣ ಮುಂದೆ ಬಂತು. ಮೂರೂ ಅಲ್ಲಿದ್ದವು.

ಮಾಲೀಕರ ಕಷ್ಟವೂ ನನಗೆ ಈಗ ಸ್ವಲ್ಪ ಗೊತ್ತು. ಆ ಸಿಟ್ಟಿನಲ್ಲೇ ಕೂತು ಹುಡುಕಿ ಓದಿದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು. 2023ರಲ್ಲಿ ಶೇ 70 ಆಯಿತು. ಸುಂಕದ ಪಟ್ಟಿಯಲ್ಲಿ ನಮ್ಮ ಈ ಮಾಡೆಲ್ ಕಿಟ್‌ಗಳು ಬರುವುದು ಆಟಿಕೆಗಳ ಜೊತೆಯಲ್ಲೇ. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ಮಕ್ಕಳ ಸುರಕ್ಷತೆಗೆ ಅದು ಬೇಕಾದ ನಿಯಮ, ದೇಶದೊಳಗೆ ಆಟಿಕೆ ಮಾಡುವವರಿಗೂ ಅನುಕೂಲ. ಆದರೆ ಹೊರಗಿನಿಂದ ಬರುವ ಕಿಟ್ ನಂಬಿದ ಸಣ್ಣ ಅಂಗಡಿಯವರಿಗೆ ದಾರಿ ಕಿರಿದಾಯಿತು. ಒಂದೇ ಒಂದು ಡಬ್ಬಿಗೆ ಅಂತ ಯಾವ ದೊಡ್ಡ ವ್ಯಾಪಾರಿಯೂ ಕಲಬುರಗಿಗೆ ಮಾಲು ಕಳಿಸುವುದಿಲ್ಲ, ಹತ್ತಾದರೂ ಸೇರಬೇಕು. ಕಲಬುರಗಿಯಲ್ಲಿ ಹಾಕ್ ಕಿಟ್ ಕೇಳುವವರು ಹತ್ತು ಜನ ಎಲ್ಲಿ ಸಿಗುತ್ತಾರೆ? ಪ್ರಾಜೆಕ್ಟ್ ಹುಡುಗರಿಂದ ಅವರ ಮನೆ ನಡೆಯುತ್ತದೆ, ನನ್ನಿಂದ ಅಲ್ಲ.

ಇದನ್ನು ಅವರೇ ಹೇಳಬಹುದಿತ್ತು. "ಟೀಚರ್ರ, ಸುಂಕ ಜಾಸ್ತಿ ಆಗ್ಯದ, ಒಂದೇ ಪೀಸ್ ಕಳಿಸಂಗಿಲ್ಲ, ನನ್ನ ಕೈಲಿ ಆಗಂಗಿಲ್ಲ." ನಾನು ಬೇರೆ ಕಡೆ ನೋಡಿಕೊಳ್ಳುತ್ತಿದ್ದೆ, ಅಂಟು, ಬಣ್ಣ, ಸ್ಯಾಂಡ್ ಪೇಪರ್ ಅವರ ಹತ್ತಿರವೇ ತರುತ್ತಿದ್ದೆ. ನಮ್ಮ ಕಡೆ ಇಲ್ಲ ಅನ್ನುವುದನ್ನು ಒರಟು ಮಾತು ಅಂದುಕೊಳ್ಳುತ್ತೇವೆ. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು, ಮುಂದಿನ ವಾರ ಅಂದರೆ ಅವರ ಮನಸ್ಸು ನೋಯುವುದಿಲ್ಲ ಅಂತ ಒಂದು ನಂಬಿಕೆ. ಮರ್ಯಾದೆಯಿಂದಲೇ ಬರುವ ಸುಳ್ಳು ಅದು. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಲೈಬ್ರರಿಗೆ ಹೊಸ ಪುಸ್ತಕ ಯಾವಾಗ ಬರುತ್ತದೆ ಅಂತ ಮಕ್ಕಳು ಕೇಳಿದರೆ "ಮುಂದಿನ ವಾರ" ಅಂದಿದ್ದೇನೆ. ಅವರು ಸೋಮವಾರ ಬಂದು ಬಾಗಿಲಲ್ಲಿ ನಿಂತಿದ್ದು ಈಗ ಕಣ್ಣಿಗೆ ಕಟ್ಟುತ್ತದೆ.

ಚೀಟಿಯ ವಿಷಯ ಮಾತ್ರ ಎಲ್ಲರಿಗೂ ಹೇಳಬೇಕು. ಬಿಲ್ ಕೊಡದೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರ ಪದ್ಧತಿ. ಅಡ್ವಾನ್ಸ್ ಕೊಟ್ಟರೂ ಅಂಗಡಿಯ ಹೆಸರು, ತಾರೀಖು, ಸಾಮಾನು, ಮೊತ್ತ ಇರುವ ರಸೀದಿ ಕೇಳಿ ಪಡೆಯಿರಿ. ಗುರುತಿನವರ ಹತ್ತಿರವೂ ಕೇಳಿ. ದೂರು ಹೇಳಲು 1915 ಅನ್ನುವ ಸಹಾಯವಾಣಿ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಇದನ್ನೆಲ್ಲ ನಾನು ಪಬ್ಲಿಕ್ ಗಾರ್ಡನ್‌ನ ಮರದ ಕೆಳಗೆ ಕೂತು ಮೊಬೈಲಿನಲ್ಲಿ ಓದಿದೆ. ದೂರು ಕೊಡಲಿಲ್ಲ. ಅಂಟು ಹಚ್ಚಿ ತೋರಿಸಿದ ಆ ಕೈ ನೆನಪಾಯಿತು. ನಾಲ್ಕು ಗಂಟೆಗೆ ಷಟರ್ ತೆಗೆಯುತ್ತಾರೆ ಅಂತ ಗೊತ್ತಿತ್ತು. ಹೋಗಲಿಲ್ಲ. ಬಸ್ ಹತ್ತಿದೆ. ಕಮಲಾಪುರದಲ್ಲಿ ಬಸ್ ನಿಂತಾಗ ಕಿಟಕಿಯ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ಅಮ್ಮನಿಗೆ ಒಂದು ಡಜನ್ ತೆಗೆದುಕೊಂಡೆ. ಬರಿಗೈಲಿ ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಜೂನ್‌ನಲ್ಲಿ ಶಾಲೆಯ ಕೆಲಸಕ್ಕೆ ಮತ್ತೆ ಕಲಬುರಗಿಗೆ ಹೋಗಬೇಕಾಯಿತು. ಈ ಸಲ ರೈಲಿನಲ್ಲಿ ಹೋದೆ. ಬೀದರ್ ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆಯಾಯಿತು. 110 ಕಿಲೋಮೀಟರ್ ಹಳಿಗೆ ನಮ್ಮ ಕಡೆಯವರು ಎಷ್ಟು ವರ್ಷ ಕಾದರು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. "ಮುಂದಿನ ವಾರ" ಅನ್ನುವಂಥ ಮಾತನ್ನು ಅವರು ಎಷ್ಟು ಚುನಾವಣೆಗಳಲ್ಲಿ ಕೇಳಿದ್ದರೋ. ಕಿಟಕಿ ಪಕ್ಕ ಕೂತು ಅದನ್ನೇ ನೆನೆಸಿಕೊಂಡೆ.

ಅಂಗಡಿಯಲ್ಲಿ ಮಾಲೀಕರು ಇರಲಿಲ್ಲ. ಆ ಹುಡುಗ ಒಬ್ಬನೇ ಇದ್ದ. ಪ್ರಾಜೆಕ್ಟ್ ಮುಗಿದಿತ್ತು, ಜನ ಇರಲಿಲ್ಲ. ನಾನು ಕೇಳುವ ಮೊದಲೇ ಅವನು ಎದ್ದು ನಿಂತ.

"ಅಕ್ಕಾರ, ನಿಮಗ ಒಂದು ಮಾತು ಹೇಳ್ಬೇಕು. ಆರ್ಡರೇ ಹಾಕಿಲ್ರಿ."

"ಯಾವಾಗಿಂದ?"

"ಮೊದ್ಲಿಂದನೂ ಹಾಕಿಲ್ರಿ. ಒಂದು ಪೀಸ್ ಕೊಡಂಗಿಲ್ಲ ಅಂದ್ರು ಮಾಲು ಕಳಿಸೋರು. ಆವತ್ತೇ ಹೇಳ್ಬೇಕಂತಿದ್ದೆ. ಮಾಲೀಕ್ರು ಇದ್ರು."

ಅವನ ದನಿ ನಡುಗುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಐದು ತಿಂಗಳಿಂದ ಎದೆಯ ಮೇಲೆ ಇದ್ದ ಏನೋ ಇಳಿದ ಹಾಗಾಯಿತು. ಇಲ್ಲ ಅನ್ನುವ ಒಂದು ಮಾತು ಕೊನೆಗೂ ಸಿಕ್ಕಿತ್ತು. ಅವನು ನೀರು ಕೊಟ್ಟ. ನಾನು ಎರಡು ಸ್ಯಾಂಡ್ ಪೇಪರ್, ಒಂದು ಅಂಟಿನ ಬಾಟಲಿ ತೆಗೆದುಕೊಂಡೆ. ಅವನು ಕೇಳದೆಯೇ ಬಿಲ್ ಬರೆದ. ಅಂಗಡಿಯ ಹೆಸರಿರುವ ಬಿಲ್ ಪುಸ್ತಕ ಕೌಂಟರ್ ಕೆಳಗೇ ಇತ್ತು. ಅವತ್ತು ರಾತ್ರಿ 500 ರೂಪಾಯಿ ನನ್ನ ಫೋನಿಗೆ ವಾಪಸ್ ಬಂತು. ಮಾಲೀಕರಿಂದ ಒಂದು ಸಾಲೂ ಇರಲಿಲ್ಲ, ಬರೀ ದುಡ್ಡು.

ಆಮೇಲೆ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ಅವರ ಹತ್ತಿರವೂ ಇರಲಿಲ್ಲ. "ಇಲ್ಲ ಮೇಡಂ, ಆಗಸ್ಟ್ ಕೊನೆಗೆ ಬರಬಹುದು. ಬಂದರೂ ಬರದಿದ್ದರೂ ಮೆಸೇಜ್ ಮಾಡ್ತೀನಿ, ದುಡ್ಡು ಈಗ ಬೇಡ" ಅಂದರು. ಆಗಸ್ಟ್ 29ಕ್ಕೆ ಮೆಸೇಜ್ ಬಂತು. ಬಂದಿಲ್ಲ, ಇನ್ನು ಹತ್ತು ಹನ್ನೆರಡು ದಿನ ಅಂತ. ಸೆಪ್ಟೆಂಬರ್ ಎರಡನೇ ವಾರ ಡಬ್ಬಿ ಮನೆಗೆ ಬಂತು. ಲೆಕ್ಕ ಹಾಕಿದರೆ ಇಲ್ಲೂ ಎರಡೂವರೆ ತಿಂಗಳು ಕಾದಿದ್ದೇನೆ. ಆ ಎರಡೂವರೆ ತಿಂಗಳಲ್ಲಿ ಒಂದು ದಿನವೂ ಫೋನ್ ಮಾಡಿ ಕೇಳಬೇಕು ಅನಿಸಲಿಲ್ಲ.

ಈಗ ಹಾಕ್‌ನ ಮೈ ಜೋಡಿಸಿ ಆಗಿದೆ. ಸಂದಿಗಳನ್ನು ಉಜ್ಜಿ ಮುಗಿಸಿದ್ದೇನೆ. ಒಂದು ದಿನ ಡಬ್ಬಿಯಲ್ಲಿ ಹತ್ತಿ ಹಾಸಿ ಶಾಲೆಗೆ ತೆಗೆದುಕೊಂಡು ಹೋಗಿದ್ದೆ. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಹತ್ತಿರ ಒಯ್ದು, ಆಕಾಶದ ಕಡೆ ಎತ್ತಿ ನೋಡಿದಳು. ಕೆಂಪು ಯಾವಾಗ ಹಚ್ಚುತ್ತೀರಿ ಟೀಚರ್ ಅಂತ ಕೇಳಿದಳು. ಮೊದಲು ಪ್ರೈಮರ್ ಸಿಗಬೇಕು, ಅದು ನನ್ನ ಹತ್ತಿರ ಇಲ್ಲ, ಸಿಕ್ಕಿದ ಮೇಲೆ ನಾಲ್ಕು ದಿನ ಅಂದೆ. ತಲೆಯಾಡಿಸಿ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಳು.

ಮೊನ್ನೆ ಕಲಬುರಗಿಯಿಂದ ಮೆಸೇಜ್ ಬಂತು. ಆ ಹುಡುಗನೇ. ಬಿಲ್ ಮೇಲೆ ನನ್ನ ನಂಬರ್ ಇತ್ತಲ್ಲ.

"ಅಕ್ಕಾರ, ಬಿಳಿ ಪ್ರೈಮರ್ ಬಂದದ. ಎರಡೇ ಅದಾವ. ಒಂದು ಎತ್ತಿ ಇಡ್ಲೇನ್ರಿ?"

ಇಡಪ್ಪ, ಶನಿವಾರ 11ಕ್ಕೆ ಬರ್ತೀನಿ ಅಂತ ಬರೆದೆ.

"11ಕ್ಕ ಗದ್ದಲ ಇರ್ತದ್ರಿ. 10ಕ್ಕ ಬರ್ರಿ, ನಾನೇ ಬಾಗಲ ತೆಗ್ದಿರ್ತೀನಿ."